ಊಟಕ್ಕೆ ಕರೆದವರ ಮನೆಯಲ್ಲಿ

ಊಟಕ್ಕೆ ಕರೆಯುವವರ ಕಷ್ಟಗಳನ್ನು ನಾವೆಲ್ಲರೂ ಕೇಳಿ ಬಲ್ಲೆವು. ಉಣ್ಣಲು ಹೋಗುವವನಿಗೂ ಕಲಿಯತಕ್ಕ ವಿದ್ಯೆಯೊಂದಿದೆ ಎಂದರೆ ಸಹಪಾಠಿಗಳು ನಕ್ಕಾರು. ತುತ್ತನ್ನು ಬಾಯಿಗಿಡಲು ಪಠ್ಯಪುಸ್ತಕ ಬೇಕೇ? ನಮ್ಮ ಮನೆಯಲ್ಲಾದರೆ ಖಂಡಿತ ಬೇಡ. ಆದರೆ ಕಟಪಾಡಿಯಿಂದ ಕಾರ್ಕಳದವರೆಗಿನ ನಮ್ಮ ಸೀಮೆಯಲ್ಲಿ ಮನೆಗೊಂದು ಪದ್ಧತಿ. ತರಗತಿಯ ಒಂದೇ ಬೆಂಚಿನಲ್ಲಿ ಕುಳಿತ ನಾಲ್ವರು ನಾಲ್ಕು ಬಗೆಯ ಅಡಿಗೆಮನೆಗಳಿಂದ ಬಂದವರಾಗಿರುತ್ತಾರೆ. ಆದುದರಿಂದ ಈ ವಿಷಯವನ್ನು ಸ್ವಲ್ಪ ವಿಚಾರಿಸಿದರೆ ತಪ್ಪಾಗಲಾರದು.

ಮೊದಲು ಹೊತ್ತಿನ ಮಾತು. ಊಟಕ್ಕೆ ತೀರ ಮುಂಚೆ ಹೋದರೆ ಅಡಿಗೆಗೆ ಅಡ್ಡಿ, ತಡವಾದರೆ ಮನೆಮಂದಿಯೆಲ್ಲ ಹಸಿದಿರಬೇಕು. ಕಾರ್ಕಳದ ಕಡೆಯ ಜೈನ ಮನೆಗಳಲ್ಲಿ ಸೂರ್ಯಾಸ್ತಕ್ಕೆ ಮುಂಚೆಯೇ ಊಟ ಮುಗಿಸುವ ನೇಮದವರು ಈಗಲೂ ಇದ್ದಾರೆ. ಅಂಥಲ್ಲಿಗೆ ರಾತ್ರಿ ಎಂಟು ಗಂಟೆಗೆ ಹೋಗಿ ಬಾಗಿಲು ತಟ್ಟುವುದು ಉಚಿತವಲ್ಲ. ಅಂಥ ಗೆಳೆಯನನ್ನು ನಮ್ಮ ಮನೆಗೆ ಕರೆದಾಗಲೂ ಇದು ನೆನಪಿನಲ್ಲಿರಬೇಕು. ಜಗಲಿಗೆ ಬಂದವರಿಗೆ ಬೆಲ್ಲ-ನೀರು ಕೊಡುವುದು ತುಳುನಾಡಿನ ಹಳೆಯ ಸಂಪ್ರದಾಯ. ಬಾಯಾರಿಕೆ ಇಲ್ಲದಿದ್ದರೂ ಒಂದು ಚೂರು ಬೆಲ್ಲ ಬಾಯಿಗಿಟ್ಟು ಒಂದು ಗುಟುಕು ಕುಡಿಯಬೇಕು.

ಎಲೆಯ ಮುಂದೆ ಕುಳಿತ ಮೇಲಿನ ನಿಯಮಗಳು ಬಹುಮಟ್ಟಿಗೆ ಎಲ್ಲರಿಗೂ ತಿಳಿದವೇ. ಬಾಳೆಯೆಲೆಯ ತುದಿ ಉಣ್ಣುವವನ ಎಡಕ್ಕೆ ಬರಬೇಕು. ಪಂಕ್ತಿಯಲ್ಲಿ ಎಲ್ಲರಿಗೂ ಬಡಿಸಿ ಆಗುವವರೆಗೆ ಕೈಯಿಡಬಾರದು. ಉಣ್ಣುತ್ತಿರುವ ಕೈಯಿಂದ ಪಾತ್ರೆ, ಸೌಟು ಮುಟ್ಟಿದರೆ ಎಂಜಲಾಯಿತು. ತನ್ನದು ಮುಗಿಯಿತೆಂದು ನಡುವೆ ಎದ್ದುಬಿಟ್ಟರೆ ಪಕ್ಕದ ಮುದುಕರು ಮಜ್ಜಿಗೆಯನ್ನವನ್ನು ಅವಸರದಿಂದ ನುಂಗಬೇಕಾಗುತ್ತದೆ. ಉಂಡ ಎಲೆಯನ್ನು ಮಡಚಬೇಕೇ, ಯಾವ ಕಡೆಗೆ ಮಡಚಬೇಕು ಎಂಬುದರಲ್ಲಿ ಮನೆಮನೆಗೂ ಭೇದವಿದೆ. ಆ ಮನೆಯ ಹಿರಿಯರು ಮಾಡಿದಂತೆ ಮಾಡುವುದೇ ಕ್ಷೇಮ. (ಎಡಗೈಯಲ್ಲಿ ಮೊಬೈಲು ಹಿಡಿದು ಬಲಗೈಯಲ್ಲಿ ಅನ್ನ ಕಲಸುವ ಹೊಸ ಸಂಪ್ರದಾಯಕ್ಕೆ ಯಾವ ಮನೆಯಲ್ಲಿಯೂ ಹಿರಿಯರ ಒಪ್ಪಿಗೆ ಸಿಕ್ಕಂತಿಲ್ಲ.)

ಇವೆಲ್ಲ ನೋಡಿ ಕಲಿಯುವ ಸಂಗತಿಗಳು. ಕಷ್ಟವಿರುವುದು ಮಾತಿನಲ್ಲಿ. ತುಳುವಿನಲ್ಲಿ ಎರಡು ಶಬ್ದಗಳಿವೆ: ‘ಬೊಡ್ಚಿ’ ಮತ್ತು ‘ಯಾವು’. ಮೊದಲನೆಯದು ಬೇಡ, ಎರಡನೆಯದು ಸಾಕು. ಕೊಂಕಣಿಯವರ ‘ಪುರೋ’ ಎಂಬುದೂ ಈ ಎರಡನೆಯ ಜಾತಿಯದೇ. ಬಡಿಸುವವರ ಕಿವಿಗೆ ಈ ಎರಡು ಶಬ್ದಗಳು ಒಂದೇ ಅಲ್ಲ. ಉಂಡವನು ಎಲೆಯ ಮೇಲೆ ಕೈ ಅಡ್ಡ ಹಿಡಿದು ‘ಯಾವು’ ಎಂದರೆ ಅವರಿಗೆ ತೃಪ್ತಿ. ರುಚಿ ನೋಡುವ ಮೊದಲೇ ‘ಬೊಡ್ಚಿ’ ಎಂದರೆ ಒಳಗಿನವರ ಮುಖ ಬಾಡುತ್ತದೆ. ಬೇಡವಾದುದನ್ನು ಹಾಕಿಸಿಕೊಂಡು ಎಲೆಯ ಮೂಲೆಯಲ್ಲಿ ಬಿಡುವುದಂತೂ ಇನ್ನೂ ಕೆಟ್ಟದ್ದು. ಚೀನದಲ್ಲಿ ತಟ್ಟೆಯಲ್ಲಿ ಕೊಂಚ ಉಳಿಸುವುದೇ ಹಳೆಯ ಮರ್ಯಾದೆಯಂತೆ, ಜಪಾನಿನಲ್ಲಿ ಅನ್ನದ ಅಗುಳನ್ನೂ ಬಿಡಬಾರದಂತೆ. ನಾವು ಈ ವಿಷಯದಲ್ಲಿ ಜಪಾನಿನವರ ಕಡೆಯವರು.

ಇನ್ನೊಂದು ಸೂಕ್ಷ್ಮವಿದೆ. ಕಟಪಾಡಿಯ ನೆರೆಯ ಮಟ್ಟುವಿನ ಗುಳ್ಳಕ್ಕೆ 2011ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ದೊರೆಯಿತು. ಅದರ ಬೀಜವನ್ನು ವಾದಿರಾಜರು ಕೊಟ್ಟರೆಂಬುದು ಊರಿನ ಪ್ರತೀತಿ. ಆ ಗುಳ್ಳದ ಕೊದ್ದೆಲನ್ನು ಮನೆಯಾಕೆ ಅಭಿಮಾನದಿಂದ ಬಡಿಸಿದಾಗ ಎರಡನೆಯ ಸಲ ಕೇಳಿ ಹಾಕಿಸಿಕೊಳ್ಳುವುದೇ ದೊಡ್ಡ ಪ್ರಶಂಸೆ. ಮೂರನೆಯ ಸಲಕ್ಕೆ ಮಾತ್ರ ಯೋಚಿಸಬೇಕು. ಏಕೆಂದರೆ ಅಡಿಗೆ ಮಾಡಿದವರು ಅನೇಕ ಮನೆಗಳಲ್ಲಿ ಇನ್ನೂ ಉಂಡಿಲ್ಲ. ಅವರು ಉಣ್ಣುವುದು ನಾವು ಕೈತೊಳೆದ ಮೇಲೆ, ನಾವು ಉಳಿಸಿದುದನ್ನು. ಬಡಿಸುವ ಸೌಟು ಪಾತ್ರೆಯ ತಳವನ್ನು ಕೆರೆಯುವ ಸದ್ದು ಕೇಳಿಸಿಯೂ ‘ಇನ್ನಿಷ್ಟು ಬರಲಿ’ ಎನ್ನುವ ಮಹಾಶಯರಿದ್ದಾರೆ. ಅಂಥವರಿಗೆ ಶ್ಲೋಕ ಹೇಳಿ ಎಲೆಗೆ ನೀರು ಸುತ್ತಲು ಬಂದರೂ ಊಟದ ಮರ್ಯಾದೆ ಬಂದಿಲ್ಲವೆಂದೇ ನನ್ನ ಅಭಿಪ್ರಾಯ.

ಇನ್ನು ಮೀನು ಮಾಂಸ ತಿನ್ನದವರ ಪ್ರಶ್ನೆ. ಗೆಳೆಯನ ಮನೆಯಲ್ಲಿ ಕೋರಿ ರೊಟ್ಟಿ ಮಾಡಿ ಕಾದಿರುವಾಗ ಎಲೆಯ ಮುಂದೆ ಕುಳಿತು ‘ನಾನು ತಿನ್ನುವುದಿಲ್ಲ’ ಎನ್ನಬಾರದು. ಕರೆದ ದಿನವೇ ಹೇಳಬೇಕು. ಹಾಗೆ ಹೇಳಿದ ಮೇಲೆ ‘ಬರಿಯ ಬಾಳೆಹಣ್ಣು, ಸೀಯಾಳ ಸಾಕು’ ಎಂಬ ಉಪಚಾರದ ಮಾತನ್ನು ದಯವಿಟ್ಟು ಆಡಬೇಡಿ. ಹಣ್ಣು ಸೀಯಾಳಗಳಿಗೆ ನಮ್ಮಲ್ಲಿ ಒಂದು ಇತಿಹಾಸವಿದೆ. ಬೇಯಿಸಿದ್ದನ್ನು ಮುಟ್ಟದೆ, ಮುಟ್ಟುವುದಿಲ್ಲವೆಂದು ಬಾಯಿಬಿಟ್ಟೂ ಹೇಳದೆ, ಕೆಳಗಿನವರೆಂದು ಎಣಿಸಿದವರ ಮನೆಯಿಂದ ಎದ್ದು ಬರಲು ಹಿಂದಿನವರು ಬಳಸಿದ ಉಪಾಯ ಅದು. ಕರೆದವರ ಮನೆಯ ಅಜ್ಜನಿಗೆ ಅದು ಚೆನ್ನಾಗಿ ನೆನಪಿರುತ್ತದೆ. ‘ಕುಚ್ಚಲಕ್ಕಿ ಗಂಜಿ, ಚಟ್ನಿ ಇದ್ದರೆ ಸಾಕು’ ಎಂದು ಕೇಳಿ, ಆ ಒಲೆಯ ಮೇಲೆ ಬೆಂದುದನ್ನು ಉಣ್ಣಿ. ಆಗ ಬೇಡವೆಂದದ್ದು ಮೀನನ್ನೇ ಹೊರತು ಮನೆಯವರನ್ನಲ್ಲ ಎಂದು ಅವರಿಗೆ ತಿಳಿಯುತ್ತದೆ.

ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು (1859–1928) 1897ರಲ್ಲಿ ದಲಿತರಿಗಾಗಿ ಸಂಸ್ಥೆ ಕಟ್ಟಿದಾಗ ಸ್ವಜಾತಿಯವರ ಬಹಿಷ್ಕಾರವನ್ನು ಎದುರಿಸಬೇಕಾಯಿತು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು ನಿಷೇಧಿಸಿತು. ಹೋಟೆಲಿನ ಬಾಗಿಲು ಎಲ್ಲರಿಗೂ ತೆರೆದಿರಬೇಕೆಂದು 15ನೆಯ ವಿಧಿ ಹೇಳಿತು. ಆದರೆ ಯಾರ ಮನೆಯ ಪಂಕ್ತಿಯಲ್ಲಿ ಯಾರು ಕುಳಿತುಕೊಳ್ಳಬೇಕೆಂದು ಕಾನೂನು ವಿಧಿಸಲಾರದು. ಅದು ಕರೆಯುವವರಿಗೂ ಹೋಗುವವರಿಗೂ ಬಿಟ್ಟ ಮಾತು.

ಹೋಗಿ ಉಂಡು ಬಂದವನಿಗೆ ಮರಳಿ ಕರೆಯುವ ಋಣ ಉಳಿಯುತ್ತದೆ. ನಮ್ಮಲ್ಲಿ ಎಷ್ಟೋ ಮಂದಿ ಎಲ್ಲರ ಮನೆಯಲ್ಲಿಯೂ ಸಂತೋಷವಾಗಿ ಉಣ್ಣುತ್ತಾರೆ, ತಮ್ಮ ಮನೆಗೆ ಮಾತ್ರ ಕರೆಯುವುದಿಲ್ಲ. ‘ಅಜ್ಜಿ ಒಪ್ಪುವುದಿಲ್ಲ’ ಎಂಬ ಕಾರಣ ನಿಜವೇ ಇರಬಹುದು. ಹಾಗಿದ್ದರೆ ಅಜ್ಜಿಯೊಡನೆ ಕುಳಿತು ಮಾತನಾಡಬೇಕಾದವನು ಮೊಮ್ಮಗನೇ. ಮೊದಲ ಸಲ ಜಗಲಿಯಲ್ಲಿ ಒಂದು ಲೋಟ ಚಹವಾದರೂ ಆಗಲಿ. ಆದರೆ ಕುಡಿದಾದ ಮೇಲೆ ಆ ಲೋಟವನ್ನು ತೊಳೆದು ಎಲ್ಲಿ ಇಡುತ್ತಾರೆ ಎಂಬುದನ್ನು ಬಂದ ಗೆಳೆಯನೂ ನೋಡುತ್ತಿರುತ್ತಾನೆ.