ರಾಣಿಯ ಬೋಗಿ, ಕೂಲಿಯ ಹಾದಿ

ಮಹಾಲಕ್ಷ್ಮಿ ಲೇಔಟಿನ ನಮ್ಮ ಮಕ್ಕಳು ಮೆಟ್ರೋ ರೈಲನ್ನು ನೋಡುತ್ತ ಬೆಳೆಯುತ್ತಿದ್ದಾರೆ. ಅವರು ಹಳೆಯ ಉಗಿಬಂಡಿಯನ್ನು ಹತ್ತಿರದಿಂದ ಕಾಣಬೇಕಾದರೆ ನಾವು ಮೈಸೂರಿನ ರೈಲ್ವೆ ವಸ್ತುಸಂಗ್ರಹಾಲಯಕ್ಕೆ ಕರೆದೊಯ್ಯಬೇಕು. 1979ರಲ್ಲಿ ಆರಂಭವಾದ ಅಲ್ಲಿ, ಹಳೆಯ ಎಂಜಿನುಗಳ ಜೊತೆಗೆ 1899ರ ಮಹಾರಾಣಿಯವರ ಸಲೂನ್ ಬೋಗಿಯೂ ಇದೆ.

ಅದನ್ನು ಕಂಡು ಮಕ್ಕಳು ಬೆರಗಾಗುವುದು ಸಹಜ. ಆದರೆ ಇನ್ನೊಂದು ಮಾತನ್ನೂ ನಾವು ಅವರಿಗೆ ತಿಳಿಸಬೇಕು. ಕೆಂಗೇರಿಯ ಮೂಲಕ ಮೈಸೂರಿಗೆ ಸಾಗುವ ಈ ಹಾದಿಯ ಕೆಲಸ ಮೊದಲಾದುದು 1876–78ರ ಭೀಕರ ಕ್ಷಾಮದ ದಿನಗಳಲ್ಲಿ, ಹಸಿದವರಿಗೆ ಕೂಲಿ ಒದಗಿಸುವ ಪರಿಹಾರ ಕಾಮಗಾರಿಯಾಗಿ. ರಾಣಿಯ ಬೋಗಿ ಉಳಿಯಿತು. ಮಣ್ಣು ಹೊತ್ತವರ ಹೆಸರುಗಳು ನಮ್ಮವರೆಗೆ ಬರಲಿಲ್ಲ.

ಅಂತಹ ಮರೆವು ಮರುಕಳಿಸದಿರಲಿ. ರೈಲ್ವೆಯಲ್ಲಿ ದುಡಿದು ನಿವೃತ್ತರಾದ ತಾತಂದಿರು ನಮ್ಮ ಕುಟುಂಬಗಳಲ್ಲಿಯೂ ಇದ್ದಾರೆ. ಅವರ ಕೈದೀಪ, ಸೀಟಿ, ಭಾವಚಿತ್ರಗಳು ಗುಜರಿಗೆ ಸೇರುವ ಮುನ್ನ ಅವರ ಬಳಿ ಕುಳಿತು, ಆ ದಿನಗಳ ಕಥೆ ಕೇಳಿ ಬರೆದಿಡೋಣ. ಒಂದು ಭಾನುವಾರ ಬಲಿಪೂಜೆಯ ನಂತರ ಚರ್ಚಿನ ಸಭಾಂಗಣದಲ್ಲಿ ಅವುಗಳನ್ನು ಮೇಜಿನ ಮೇಲೆ ಜೋಡಿಸಿದರೆ, ನಮ್ಮ ಬಡಾವಣೆಯ ಪುಟ್ಟ ವಸ್ತುಸಂಗ್ರಹಾಲಯ ಅಲ್ಲಿಯೇ ಆರಂಭವಾದೀತು. ಅದಕ್ಕೆ ಬೇಕಾದ ಸ್ವಯಂಸೇವಕರು ನಮ್ಮ ಯುವಜನರೇ. ಆದರೆ ತಾತಂದಿರು ನಮ್ಮೊಡನಿರುವಾಗಲೇ ಈ ಕೆಲಸ ಆಗಬೇಕು.