ತೊಟ್ಟಿಯ ನೀರಿನಲ್ಲಿ ಗಪ್ಪಿ ಮೀನು

ಗಂಡಸಿಯ ಸುತ್ತಿನ ಹಳ್ಳಿಗಳಲ್ಲಿ ದನಕರುಗಳಿಗೂ ಬಳಕೆಗೂ ಸಿಮೆಂಟ್ ತೊಟ್ಟಿಯಲ್ಲಿ ನೀರು ತುಂಬಿಡುವುದು ರೂಢಿ. ಇಂತಹ ನೀರಿನಲ್ಲಿ ಸೊಳ್ಳೆಯಿಟ್ಟ ಮೊಟ್ಟೆ ಸುಮಾರು 7ರಿಂದ 10 ದಿನಗಳಲ್ಲಿ ಹಾರುವ ಸೊಳ್ಳೆಯಾಗುತ್ತದೆ. ಗರ್ಭಿಣಿಗೆ ಮಲೇರಿಯಾ ತಗುಲಿದರೆ ರಕ್ತಹೀನತೆ, ಗರ್ಭಪಾತ, ಕಡಿಮೆ ತೂಕದ ಶಿಶುವಿನ ಜನನ ಸಂಭವಿಸಬಹುದು. ಡೆಂಗೆಯೂ ಆಕೆಗೆ ಅಪಾಯಕರ. ಆದುದರಿಂದ ಮಗುವನ್ನು ಬಯಸುವ ದಂಪತಿಗಳು ಮೊದಲು ತಮ್ಮ ತೊಟ್ಟಿಯನ್ನು ಇಣುಕಿ ನೋಡತಕ್ಕದ್ದು.

ಪಟ್ಟಣಿಗರು ಗಾಜಿನ ಪೆಟ್ಟಿಗೆಯಲ್ಲಿ ಅಂದಕ್ಕಾಗಿ ಸಾಕುವ ಗಪ್ಪಿ ಮೀನು ಸೊಳ್ಳೆಮರಿಗಳನ್ನು ತಿನ್ನುತ್ತದೆ. ಕೋಲಾರ ಜಿಲ್ಲೆಯ ಕಾಮಸಮುದ್ರದ ಸುತ್ತಿನ ಹಳ್ಳಿಗಳಲ್ಲಿ 1990ರ ದಶಕದಲ್ಲಿ ಇದನ್ನು ಬಾವಿಗಳಿಗೆ ಬಿಟ್ಟು ಮಲೇರಿಯಾವನ್ನು ತಗ್ಗಿಸಲಾಯಿತು. ಮೀನಿಗಾಗಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿರಿ. ನೀರಿನ ಮೇಲ್ಮೈಯ ಪ್ರತಿ ಚದರ ಮೀಟರಿಗೆ 5ರಿಂದ 10 ಮೀನು ಸಾಕು.

ಬಣ್ಣದ ಬಾಲವುಳ್ಳ ಚಿಕ್ಕದು ಗಂಡು. ಮಾಸಲು ಬಣ್ಣದ ದಪ್ಪನೆಯದು ಹೆಣ್ಣು. ಇದು ಮೊಟ್ಟೆಯಿಡದೆ, ಸುಮಾರು 4 ವಾರಗಳಿಗೊಮ್ಮೆ ಮರಿಗಳನ್ನೇ ಹಾಕುತ್ತದೆ. ಒಮ್ಮೆ ಕೂಡಿದ ಹೆಣ್ಣು ಗಂಡಿಲ್ಲದೆಯೂ ಹಲವು ಬಾರಿ ಮರಿ ಹಾಕಬಲ್ಲದು. ಹೆರಿಗೆಗಳ ನಡುವೆ ಅಂತರವಿರಲೆಂಬ ನಮ್ಮ ಉಪದೇಶ ಇದಕ್ಕೆ ತಾಗದು! ತಾಯಿ ತನ್ನ ಮರಿಗಳನ್ನೇ ತಿನ್ನುವುದುಂಟು. ಅವು ಅಡಗಿಕೊಳ್ಳಲು ಸ್ವಲ್ಪ ನೀರುಸಸ್ಯವನ್ನು ಹಾಕಿರಿ.

ತೊಟ್ಟಿ ತೊಳೆಯುವಾಗ ಮೀನುಗಳನ್ನು ಬಕೆಟ್ಟಿಗೆ ವರ್ಗಾಯಿಸಿರಿ. ಬ್ಲೀಚಿಂಗ್ ಪುಡಿ ಬಿದ್ದರೆ ಅವು ಸಾಯುತ್ತವೆ. ಕುಡಿಯುವ ನೀರಿನ ಕೊಡ, ಹಂಡೆಗಳಿಗೆ ಮೀನು ಬೇಡ. ವಾರಕ್ಕೊಮ್ಮೆ ಉಜ್ಜಿ ತೊಳೆದು ಮುಚ್ಚಿಡುವುದೇ ಸರಿ. ಹೆಚ್ಚಿದ ಮೀನುಗಳನ್ನು ನೆರೆಮನೆಯ ತೊಟ್ಟಿಗೆ ಕೊಡಿರಿ. ಕೆರೆ, ಹಳ್ಳಗಳಿಗೆ ಬಿಡಬಾರದು. ಅಲ್ಲಿನ ನಾಡಮೀನುಗಳಿಗೆ ಇದರಿಂದ ಹಾನಿಯಾಗುತ್ತದೆ.