ನಿಮಗಿದು ಗೊತ್ತೇ? ಎರಡು ಮಿದುಳಿನ ಅಗ್ಗದ ಕಂಪ್ಯೂಟರ್

ಬೆಲೆ ಇಳಿಸಲು ಹೊರಟಾಗ ಏನನ್ನು ಬಿಡಬೇಕು, ಏನನ್ನು ಬಿಡಬಾರದು? ಜಪಾನಿನ ಫುಜಿತ್ಸು ಕಂಪನಿಯ ‘ಎಫ್‌ಎಂ-7’ ಈ ಪ್ರಶ್ನೆಗೆ ಕೊಟ್ಟ ಉತ್ತರ ಇಂದಿಗೂ ಮೆಚ್ಚುವಂಥದ್ದು.

● ಎಫ್‌ಎಂ ಎಂದರೆ ‘ಫುಜಿತ್ಸು ಮೈಕ್ರೋ’. ಎಫ್‌ಎಂ-7 ಮಾರುಕಟ್ಟೆಗೆ ಬಂದದ್ದು 1982ರ ನವೆಂಬರ್‌ನಲ್ಲಿ.

● ಸಂಖ್ಯೆಯಲ್ಲಿ ಚಿಕ್ಕದಾದರೂ ಹುಟ್ಟಿದ್ದು ಆಮೇಲೆ! ಇದರ ಅಣ್ಣ ‘ಎಫ್‌ಎಂ-8’ 1981ರಲ್ಲೇ ಬಂದಿತ್ತು.

● ಅಣ್ಣನ ಬೆಲೆ 2,18,000 ಯೆನ್, ತಮ್ಮನದು 1,26,000 ಯೆನ್. ಒಂದೇ ಏಟಿಗೆ 92,000 ಯೆನ್ ಇಳಿಕೆ. ಕಚೇರಿಗಳಿಗೆಂದು ‘ಎಫ್‌ಎಂ-11’ ಬೇರೆಯೇ ಬಂದದ್ದರಿಂದ ಎಫ್‌ಎಂ-7 ನೆಮ್ಮದಿಯಾಗಿ ಮನೆಮಂದಿಯ ಯಂತ್ರವಾಯಿತು.

● ಕೈಬಿಟ್ಟದ್ದು ಏನು? ಎಫ್‌ಎಂ-8ರಲ್ಲಿ ಬಬಲ್ ಮೆಮೊರಿ ಅಳವಡಿಸಲು ಅವಕಾಶವಿತ್ತು. ವಿದ್ಯುತ್ ಹೋದರೂ ಮಾಹಿತಿ ಅಳಿಸದ ಈ ಕಾಂತೀಯ ಮೆಮೊರಿ ಬಲು ದುಬಾರಿ. ಅದಕ್ಕೆ ಕತ್ತರಿ ಬಿತ್ತು.

● ಬಿಡದೆ ಉಳಿಸಿಕೊಂಡದ್ದು ಏನು? ಎರಡು 6809 ಪ್ರೊಸೆಸರ್‌ಗಳನ್ನು! ಒಂದು ಪ್ರೋಗ್ರಾಂ ನಡೆಸಿದರೆ, ಇನ್ನೊಂದು ಪರದೆಯ ಮೇಲೆ ಚಿತ್ರ ಬಿಡಿಸುತ್ತಿತ್ತು.

● ಎರಡೇಕೆ ಬೇಕಿತ್ತು? ಲೆಕ್ಕ ಹಾಕಿ. ಪರದೆಯಲ್ಲಿ 640×200, ಅಂದರೆ 1,28,000 ಚುಕ್ಕಿಗಳು. 8 ಬಣ್ಣ ಬೇಕೆಂದರೆ ಚುಕ್ಕಿಗೆ 3 ಬಿಟ್. ಒಟ್ಟು 48,000 ಬೈಟ್. 6809 ಒಮ್ಮೆಗೆ ತಲುಪಬಲ್ಲದ್ದು 65,536 ಬೈಟ್ ಮಾತ್ರ. ಚಿತ್ರಕ್ಕೇ ಅಷ್ಟು ಹೋದರೆ ಪ್ರೋಗ್ರಾಮಿಗೆ ಉಳಿಯುವುದೆಷ್ಟು? ಎರಡನೆಯ ಪ್ರೊಸೆಸರ್ ಚಿತ್ರದ ಮೆಮೊರಿಯನ್ನು ತನ್ನ ಬಳಿಯೇ ಇಟ್ಟುಕೊಂಡು ಈ ಇಕ್ಕಟ್ಟನ್ನು ತಪ್ಪಿಸಿತು.

● ಈ ಎರಡು ಮಿದುಳುಗಳು ಮಾತಾಡಿಕೊಳ್ಳುತ್ತಿದ್ದದ್ದು ಕೇವಲ 128 ಬೈಟ್‌ಗಳ ಕಿಂಡಿಯೊಂದರ ಮೂಲಕ. ಆದೇಶಗಳೆಲ್ಲ ಅದರಲ್ಲೇ ತೂರಿ ಹೋಗಬೇಕಿತ್ತು.

● ಎರಡನೆಯ ಪ್ರೊಸೆಸರ್‌ನಲ್ಲಿ ಪರೀಕ್ಷೆಗೆಂದು ಇಟ್ಟಿದ್ದ ಗುಪ್ತ ಆದೇಶವೊಂದಿತ್ತು. ಹವ್ಯಾಸಿಗಳು ಅದನ್ನು ಪತ್ತೆಹಚ್ಚಿ, ತಮ್ಮದೇ ಪ್ರೋಗ್ರಾಂಗಳನ್ನು ಅದರೊಳಗೆ ಓಡಿಸಿದರು!

● ಅಗ್ಗದ ತಮ್ಮನಿಗೆ ಅಣ್ಣನಿಗಿಲ್ಲದ ಕಂಠವೂ ಸಿಕ್ಕಿತು. ಏಕಕಾಲಕ್ಕೆ ಮೂರು ಸ್ವರ ನುಡಿಸುವ ಧ್ವನಿ ಚಿಪ್ ಅದು.

● ಇದರ ‘ಎಫ್-ಬೇಸಿಕ್’ ಭಾಷೆ ಮೈಕ್ರೋಸಾಫ್ಟ್‌ನಿಂದ ಬಂದದ್ದು. ಬರೆದ ಪ್ರೋಗ್ರಾಮನ್ನು ಹಾಡು ಕೇಳುವ ಕ್ಯಾಸೆಟ್ಟಿನಲ್ಲೇ ಉಳಿಸಿಡಬಹುದಿತ್ತು.

● ಜಪಾನಿ ಬರಹದ ಒಂದು ಕಾಂಜಿ (ಚಿತ್ರಲಿಪಿ) ಅಕ್ಷರಕ್ಕೆ 16×16 ಚುಕ್ಕಿ, ಅಂದರೆ 32 ಬೈಟ್. ಕಂಪ್ಯೂಟರ್‌ಗಳಿಗೆಂದು ಜಪಾನ್ ಗೊತ್ತುಪಡಿಸಿದ ಮೊದಲ ಹಂತದ ಪಟ್ಟಿಯಲ್ಲಿ 2,965 ಕಾಂಜಿಗಳು. ಒಟ್ಟು 94,880 ಬೈಟ್. ಯಂತ್ರದ 64 ಕೆಬಿ ಮುಖ್ಯ ಮೆಮೊರಿಗಿಂತ ಅಕ್ಷರಗಳ ಗಾತ್ರವೇ ದೊಡ್ಡದು! ಹಾಗಾಗಿ ಅವುಗಳಿಗೆ ಪ್ರತ್ಯೇಕ ರಾಮ್ (ಓದಲು ಮಾತ್ರ) ಚಿಪ್ ಕೊಳ್ಳಬೇಕಿತ್ತು.

● ಇದರ ಕೀಬೋರ್ಡಿಗೆ ಕೀಲಿ ಒತ್ತಿದ್ದು ತಿಳಿಯುತ್ತಿತ್ತು, ಬಿಟ್ಟದ್ದು ತಿಳಿಯುತ್ತಿರಲಿಲ್ಲ. ಹೀಗಾಗಿ ಎಷ್ಟೋ ಆಟಗಳಲ್ಲಿ ಓಡುವ ಪಾತ್ರವನ್ನು ನಿಲ್ಲಿಸಲು ಇನ್ನೊಂದು ಕೀಲಿಯನ್ನೇ ಒತ್ತಬೇಕಿತ್ತು.

● ಎನ್‌ಇಸಿಯ ಪಿಸಿ-8801, ಶಾರ್ಪ್‌ನ ಎಕ್ಸ್1, ಫುಜಿತ್ಸುವಿನ ಎಫ್‌ಎಂ-7: 1980ರ ದಶಕದ ಜಪಾನಿನಲ್ಲಿ 8 ಬಿಟ್ ಕಂಪ್ಯೂಟರ್‌ಗಳ ಮೂರು ಮುಖ್ಯ ಮನೆತನಗಳಿವು.

● 1984ರಲ್ಲಿ ಬಿಡಿಭಾಗಗಳನ್ನು ಕೆಲವೇ ಚಿಪ್‌ಗಳಲ್ಲಿ ಅಡಕ ಮಾಡಿ ‘ಎಫ್‌ಎಂ-ನ್ಯೂ7’ ಬಂತು. ಬೆಲೆ 99,800 ಯೆನ್. ಆಗಲೂ ಎರಡನೆಯ ಮಿದುಳಿಗೆ ಕುತ್ತು ಬರಲಿಲ್ಲ!

● 1985ರ ‘ಎಫ್‌ಎಂ77ಎವಿ’ ಬಣ್ಣಗಳನ್ನು 8ರಿಂದ 4,096ಕ್ಕೆ ಏರಿಸಿತು. 1989ರಲ್ಲಿ ಅದೇ ಎಫ್‌ಎಂ ಹೆಸರು ಹೊತ್ತ ‘ಎಫ್‌ಎಂ ಟೌನ್ಸ್’, ಸಿಡಿ-ರಾಮ್ ಡ್ರೈವನ್ನು ಒಡಲಲ್ಲೇ ಇಟ್ಟುಕೊಂಡು ಬಂತು.

● ನಿಮ್ಮ ಜೇಬಿನ ಮೊಬೈಲಿನಲ್ಲೂ ಚಿತ್ರ ಬಿಡಿಸಲೆಂದೇ ಪ್ರತ್ಯೇಕ ಪ್ರೊಸೆಸರ್ ಇದೆ. ಆ ಅನುಕೂಲವನ್ನು 1982ರಲ್ಲೇ ಜಪಾನಿನ ಮನೆಮಕ್ಕಳ ಮೇಜಿಗೆ ತಂದಿಟ್ಟದ್ದು ಈ ಅಗ್ಗದ ತಮ್ಮ.